ಅಳೆಯುವ ಕೊಳಗ

(ಕುಪ್ಪಗಡ್ಡೆಯಲ್ಲಿ ನೀಡಿದ ಪ್ರವಚನ)



ಮೈಬಣ್ಣದಿಂದ ಮನುಷ್ಯನನ್ನು ಅಳೆದ ದೇಶವೊಂದಿತ್ತು. ದಕ್ಷಿಣ ಆಫ್ರಿಕದಲ್ಲಿ 1948ರಿಂದ ವರ್ಣಭೇದವೇ ಸರಕಾರದ ನೀತಿಯಾಯಿತು. ಕಪ್ಪು ಜನರಿಗೆ ಬೇರೆ ಕೇರಿ, ಬೇರೆ ಶಾಲೆ, ಕುಳಿತುಕೊಳ್ಳಲು ಬೇರೆ ಬೆಂಚು. ನೆಲ್ಸನ್ ಮಂಡೇಲಾ ಅವರು 27 ವರ್ಷ ಸೆರೆಯಲ್ಲಿದ್ದು 1990ರಲ್ಲಿ ಹೊರಬಂದರು. 1994ರ ಏಪ್ರಿಲ್ ತಿಂಗಳಲ್ಲಿ ಎಲ್ಲ ಬಣ್ಣದವರೂ ಮತ ಹಾಕಿದರು. ಮೇ 10ರಂದು ಮಂಡೇಲಾ ಅಧ್ಯಕ್ಷರಾದರು. ಅವರು ಹಗೆ ಸಾಧಿಸಲಿಲ್ಲ. ಹಾಗೆಂದು ಆದದ್ದನ್ನು ಮರೆತುಬಿಡಿರೆಂದೂ ಹೇಳಲಿಲ್ಲ. ಡೆಸ್ಮಂಡ್ ಟುಟು ಎಂಬ ಕ್ರೈಸ್ತ ಗುರುಗಳ ಅಧ್ಯಕ್ಷತೆಯಲ್ಲಿ ಸತ್ಯ ಮತ್ತು ಸಮನ್ವಯ ಆಯೋಗ ಕೂಡಿತು. 1996ರಿಂದ ನೊಂದವರು ಎಲ್ಲರ ಎದುರಿನಲ್ಲಿ ತಮ್ಮ ನೋವನ್ನು ಹೇಳಿಕೊಂಡರು. ರಾಜಕೀಯ ಕಾರಣದಿಂದ ಅಪರಾಧ ಮಾಡಿದವರು ನಡೆದುದೆಲ್ಲವನ್ನೂ ಬಿಚ್ಚಿ ಹೇಳಿದರೆ ಕ್ಷಮೆ ಪಡೆಯುವ ಅವಕಾಶವಿತ್ತು. ಮೊದಲು ಸತ್ಯ, ಆಮೇಲೆ ಕ್ಷಮೆ.

‘ಅದು ಕಡಲಾಚೆಯ ಮಾತು, ನಮಗೇಕೆ ಬುದ್ಧಿ?’ ಎನ್ನುವಿರಾ? ಸಾಗರ ನಮ್ಮ ಸೊರಬದ ನೆರೆ. ಆ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತರು. ಅವರಲ್ಲಿ ಹೆಚ್ಚಿನವರು ದೀವರು. ಗೇಣಿಯ ಭತ್ತವನ್ನು ಅಳೆಸಿಕೊಳ್ಳುವ ಕೊಳಗ ನ್ಯಾಯವಾದ ಅಳತೆಗಿಂತ ದೊಡ್ಡದೆಂಬುದು ಅವರ ದೂರು. ಬಿಟ್ಟಿ ಚಾಕರಿ ಬೇರೆ. ಎಚ್. ಗಣಪತಿಯಪ್ಪನವರು ಮುಂದೆ ನಿಂತರು. ಶಾಂತವೇರಿ ಗೋಪಾಲಗೌಡರು ಕೈಗೂಡಿಸಿದರು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಅಲ್ಲಿ ಚರ್ಮದ ಬಣ್ಣ, ಇಲ್ಲಿ ಹುಟ್ಟು. ಮನುಷ್ಯನನ್ನು ಕಡಿಮೆಯೆಂದು ಅಳೆಯುವ ಕೊಳಗ ಮಾತ್ರ ಒಂದೇ.

ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿ ಕಾನೂನಿನಿಂದ, ಉಳುವವನು ಹೊಲದೊಡೆಯನಾದ. ಅದೇ ದೀವರ ಸಮಾಜದಲ್ಲಿ ಹುಟ್ಟಿದ, ನಮ್ಮ ತಾಲ್ಲೂಕಿನ ಕುಬಟೂರಿನ ಎಸ್. ಬಂಗಾರಪ್ಪನವರು 1990ರಲ್ಲಿ ಮುಖ್ಯಮಂತ್ರಿಗಳಾದರು. ಇದೇನು ಸಣ್ಣ ಬದಲಾವಣೆಯೆ? ನಮ್ಮ ನಾಡಿಗೂ ಬೆಳಕು ಹರಿಯಿತು.

ಒಂದು ಮಾತನ್ನು ನಾವು ಮುಚ್ಚಿಡಲಾರೆವು. ಈ ಸೀಮೆಯಲ್ಲಿ ಗೇಣಿ ಅಳೆಸಿಕೊಂಡ ಒಡೆಯರಲ್ಲಿ ಲಿಂಗ ಕಟ್ಟಿದವರೂ ಇದ್ದರು. ಬಸವಣ್ಣನವರ ಹೆಸರು ಹೇಳುವ ಮನೆಯ ಅಂಗಳದಲ್ಲಿಯೇ ಒಕ್ಕಲು ಕೈಕಟ್ಟಿ ನಿಂತಿದ್ದ. ‘ನಮ್ಮ ಗದ್ದೆ ಹೋಯಿತು’ ಎಂದು ಇಂದಿಗೂ ಹಳಹಳಿಸುವ ಮನೆಗಳುಂಟು. ‘ನಮ್ಮ ಕೊಳಗ ದೊಡ್ಡದಿತ್ತು’ ಎಂದು ಮೊಮ್ಮಕ್ಕಳಿಗೆ ಹೇಳಿದ ಮನೆಗಳೆಷ್ಟು? ಕಾನೂನು ಗದ್ದೆಯನ್ನು ಕೊಡಿಸಬಲ್ಲುದು. ಈ ಮಾತನ್ನು ಆಡಿಸಲಾರದು. ಅದನ್ನು ನೀವೇ ಆಡಬೇಕು. ಆಡಿದರೆ ನೊಂದವನ ಎದೆ ಹಗುರಾಗುತ್ತದೆ, ಆಡಿದವನದೂ ಹಗುರಾಗುತ್ತದೆ.

ಈ ಸುಗ್ಗಿಯಲ್ಲಿ ಕಣದ ಕೆಲಸಕ್ಕೆ ಬಂದವರನ್ನು ನಿಮ್ಮ ಪಂಕ್ತಿಯಲ್ಲಿಯೇ ಕೂರಿಸಿರಿ, ನೀವು ಉಣ್ಣುವ ತಟ್ಟೆಯಂಥದರಲ್ಲಿಯೇ ಬಡಿಸಿರಿ. ದಾಸೋಹವೆಂದರೆ ಅದೇ. ಹೊಸ ಬಾಳು ಅಲ್ಲಿಂದ ಮೊದಲಾಗಲಿ ಎಂದು ಹರಸುತ್ತೇವೆ.