ಬೀಗ ನೂರಿರಲಿ, ಗೊಂಚಲು ಒಂದಿರಲಿ

ಸಂಡೂರು ತಾಲೂಕಿನ ದೋಣಿಮಲೈ, ಎನ್‌ಎಂಡಿಸಿಯ ಗಣಿ ಊರು. ಅಲ್ಲಿನ ಟೌನ್‌ಶಿಪ್‌ನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಪ್ಪನ ಫೋನಿನಲ್ಲಿ ಕ್ರೋಮ್, ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಫೈರ್‌ಫಾಕ್ಸ್, ಕಚೇರಿಯಲ್ಲಿ ಎಡ್ಜ್. ಪಿಎಫ್, ಬ್ಯಾಂಕ್, ರೈಲ್ವೆ ಟಿಕೆಟ್, ಎಲ್ಲದಕ್ಕೂ ಪಾಸ್‌ವರ್ಡ್. ಕ್ರೋಮ್ ನೆನಪಿಟ್ಟುಕೊಂಡದ್ದು ಫೈರ್‌ಫಾಕ್ಸ್‌ಗೆ ಗೊತ್ತಿಲ್ಲ. ಕೊನೆಗೆ ಏನು ಮಾಡ್ತೀವಿ? ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್! ಊರಿನ ಹೆಸರು, ಅಟ್, ಒಂದು ಎರಡು ಮೂರು.

ಅದರಿಂದೇನು ಅಂತೀರಾ? ನೋಡಿ, 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಸೋರಿದ ಸುದ್ದಿ ಹೊರಬಿತ್ತು. 2021ರ ಏಪ್ರಿಲ್‌ನಲ್ಲಿ ಅದು ಇಂಟರ್‌ನೆಟ್‌ನಲ್ಲಿ ಬಹಿರಂಗವಾಯಿತು. ಇಮೇಲ್, ಫೋನ್ ನಂಬರ್, ವಿಳಾಸ, ಜೊತೆಗೆ ಗುರುತು ಸಿಗದಂತೆ ಕಲಸಿಟ್ಟ ಪಾಸ್‌ವರ್ಡ್‌ಗಳು. ಪಾಸ್‌ವರ್ಡ್ ಸುಲಭದ್ದಾದರೆ ಕಲಸಿಟ್ಟದ್ದನ್ನೂ ಊಹಿಸಿ ಹಿಡಿಯಬಹುದು. ಕಳ್ಳನಿಗೆ ನಿಮ್ಮ ತರಕಾರಿ ಪಟ್ಟಿ ಬೇಕಿಲ್ಲ. ಅದೇ ಪಾಸ್‌ವರ್ಡ್‌ನಿಂದ ನಿಮ್ಮ ಇಮೇಲ್ ತೆರೆಯುತ್ತಾ ಅಂತ ನೋಡ್ತಾನೆ. ಇಮೇಲ್ ಸಿಕ್ಕಿತೋ, ಉಳಿದ ಎಷ್ಟೋ ಖಾತೆಗಳ ಪಾಸ್‌ವರ್ಡ್ ಅಲ್ಲಿಂದಲೇ ಬದಲಾಯಿಸಬಹುದು!

ಇದಕ್ಕೆ ಮದ್ದು ಪಾಸ್‌ವರ್ಡ್ ಮ್ಯಾನೇಜರ್. ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್‌ನಂಥವು ಫೋನಿನಲ್ಲಿ ಆ್ಯಪ್ ಆಗಿ, ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೂರರಲ್ಲೂ ಎಕ್ಸ್‌ಟೆನ್ಷನ್ ಆಗಿ ಕೂರುತ್ತವೆ. ಗೂಗಲ್, ಆಪಲ್ ಕೊಡುವವೂ ಇವೆ, ಆದರೆ ಅವು ತಮ್ಮ ತಮ್ಮ ಅಂಗಳದಲ್ಲೇ ಹೆಚ್ಚು ಸಲೀಸು. ಪ್ರತಿ ಖಾತೆಗೂ ಬೇರೆ, ಉದ್ದನೆಯ ಪಾಸ್‌ವರ್ಡ್ ಅದೇ ಸೃಷ್ಟಿಸುತ್ತದೆ. ನೀವು ನೆನಪಿಡಬೇಕಾದದ್ದು ಮಾಸ್ಟರ್ ಪಾಸ್‌ವರ್ಡ್ ಒಂದನ್ನೇ. ಇನ್ನೊಂದು ಲಾಭವಿದೆ. ಕೆವೈಸಿ ಹೆಸರಿನಲ್ಲಿ ಬರುವ ನಕಲಿ ಬ್ಯಾಂಕ್ ಪುಟ ನಿಮ್ಮ ಕಣ್ಣಿಗೆ ಅಸಲಿಯಂತೆಯೇ ಕಾಣಬಹುದು. ಮ್ಯಾನೇಜರ್ ಚಂದ ನೋಡಲ್ಲ, ವೆಬ್ ವಿಳಾಸ ನೋಡುತ್ತೆ. ವಿಳಾಸ ಹೊಂದದಿದ್ದರೆ ತಾನಾಗಿ ಪಾಸ್‌ವರ್ಡ್ ತುಂಬಲ್ಲ. ಅದು ಸುಮ್ಮನಿದೆ ಅಂದರೆ ನೀವೂ ಕೈ ತಡೆಯಿರಿ.

ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಾ? ಪ್ರಶ್ನೆ ಸರಿಯಾದದ್ದೇ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಇಂಥದೇ ಕಂಪನಿಯಿಂದ ಗ್ರಾಹಕರ ತಿಜೋರಿಗಳ ಪ್ರತಿಗಳನ್ನೇ ಕದ್ದರು. ಒಳಗಿನ ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು. ಮಾಸ್ಟರ್ ಪಾಸ್‌ವರ್ಡ್ ಗಟ್ಟಿ ಇದ್ದವರಿಗೆ ಅದೇ ರಕ್ಷೆ, ಸಡಿಲ ಇದ್ದವರಿಗೆ ಅಪಾಯ. ಹಾಗಾಗಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ. ಎರಡು ಹಂತದ ಪರಿಶೀಲನೆ ಆನ್ ಮಾಡಿ. ಮಾಸ್ಟರ್ ಮರೆತರೆ ಕಂಪನಿಯೂ ತೆರೆದುಕೊಡಲಾರದು ಅನ್ನೋದು ಹಲವು ಮ್ಯಾನೇಜರ್‌ಗಳ ನಿಯಮ. ಅದನ್ನು ಕಾಗದದಲ್ಲಿ ಬರೆದು, ಮನೆಪತ್ರ ಇಡುವ ಬೀರುವಿನಲ್ಲಿಡಿ. ನಾಳೆ ನಿಮಗೇನಾದರೂ ಆದರೆ ಮನೆಯವರು ಪಿಎಫ್‌ಗಾಗಿ ಅಲೆಯಬಾರದು ನೋಡಿ.

ಕೊನೆಗೆ ಮೂರು ಎಚ್ಚರಿಕೆ. ಬ್ರೌಸರ್‌ನಿಂದ ಹಳೆಯ ಪಾಸ್‌ವರ್ಡ್‌ಗಳನ್ನು ಫೈಲ್ ಮಾಡಿ ವರ್ಗಾಯಿಸಿದ ಮೇಲೆ ಆ ಫೈಲ್ ಅಳಿಸಿಹಾಕಿ, ಅದರಲ್ಲಿ ಎಲ್ಲವೂ ಬರಿಗಣ್ಣಿಗೆ ಕಾಣುತ್ತೆ. ಬ್ರೌಸರ್ ‘ಸೇವ್ ಮಾಡಲಾ?’ ಅಂತ ಕೇಳೋದನ್ನು ಆಫ್ ಮಾಡಿ, ಇಲ್ಲದಿದ್ದರೆ ಹಳೆಯದೊಂದು ಕಡೆ, ಹೊಸದೊಂದು ಕಡೆ. ಕಚೇರಿಯ, ಸೈಬರ್ ಸೆಂಟರ್‌ನ ಕಂಪ್ಯೂಟರ್‌ನಲ್ಲಿ ಮನೆಯ ತಿಜೋರಿ ತೆರೆಯಲೇಬೇಡಿ.

ನೂರು ಖಾತೆಯನ್ನು ಒಂದೇ ದಿನ ಬದಲಾಯಿಸಬೇಕಿಲ್ಲ. ಇವತ್ತು ಇಮೇಲ್, ನಾಳೆ ಬ್ಯಾಂಕ್. ಹಣ ಹೋಗಿಯೇಬಿಟ್ಟರೆ 1930ಕ್ಕೆ ತಕ್ಷಣ ಕರೆ ಮಾಡಿ. ಆದರೆ ಕಳ್ಳ ಬಂದುಹೋದ ಮೇಲೆ ಬೀಗ ಹುಡುಕೋದು ಯಾಕೆ? ಯೋಚನೆ ಮಾಡಿ.