ವಾರ್ಡಿನ ಅಭ್ಯರ್ಥಿ ಯಾರ ಪ್ರತಿನಿಧಿ?

(ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆಯ ಕುರಿತ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಲೋಕಸಭೆ, ವಿಧಾನಸಭೆಗಳ ಚುನಾವಣೆ ಬಂದಾಗ ನಮ್ಮ ಮೊಹಲ್ಲಾಗಳಲ್ಲಿ ಕಾಣುವ ಕಾವು ನಗರಸಭೆಯ ಚುನಾವಣೆಯಲ್ಲಿ ಕಾಣುವುದಿಲ್ಲ. ದೇಶದಲ್ಲಿ ಜಾತ್ಯತೀತತೆ ಉಳಿಯುವುದೋ ಅಳಿಯುವುದೋ ಎಂದು ಹೋಟೆಲಿನ ಬೆಂಚಿನಲ್ಲಿ ನಡುರಾತ್ರಿಯವರೆಗೆ ವಾದಿಸುವವರು, ಬೀದಿದೀಪ ಉರಿಯದ ಓಣಿಯಲ್ಲಿ ತಡವರಿಸುತ್ತಾ ಮನೆ ಸೇರುತ್ತಾರೆ. ಆ ದೀಪಕ್ಕೂ ಒಂದು ಸರಕಾರವಿದೆ, ಅದನ್ನೂ ನಾವೇ ಆರಿಸುತ್ತೇವೆ ಎಂಬುದು ಅವರ ನೆನಪಿಗೆ ಬರುವುದಿಲ್ಲ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ನಗರಾಡಳಿತಕ್ಕೆ ಸಾಂವಿಧಾನಿಕ ಸ್ಥಾನವನ್ನು ನೀಡಿತು. ಅದರೊಂದಿಗೆ ಸೇರ್ಪಡೆಯಾದ ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯಗಳಿವೆ. ಈ ಪಟ್ಟಿಯನ್ನು ತಾವೊಮ್ಮೆ ಗಮನವಿಟ್ಟು ಓದಬೇಕೆಂದು ನನ್ನ ಅರಿಕೆ. ಕುಡಿಯುವ ನೀರು, ನೈರ್ಮಲ್ಯ, ರಸ್ತೆಗಳು ಅದರಲ್ಲಿರುವುದು ಎಲ್ಲರಿಗೂ ಗೊತ್ತು. ಆದರೆ ಕೊಳೆಗೇರಿಗಳ ಸುಧಾರಣೆ ಅದರಲ್ಲಿದೆ. ದಫನಭೂಮಿ ಮತ್ತು ಸ್ಮಶಾನಗಳು ಅದರಲ್ಲಿವೆ. ಜನನ-ಮರಣಗಳ ನೋಂದಣಿ ಅದರಲ್ಲಿದೆ. ಕಸಾಯಿಖಾನೆಗಳ ನಿಯಂತ್ರಣ ಅದರಲ್ಲಿದೆ. 2019ರಲ್ಲಿ ಪೌರತ್ವದ ಚರ್ಚೆ ಎದ್ದಾಗ ಅಜ್ಜಂದಿರ ಜನನ ಪ್ರಮಾಣಪತ್ರಕ್ಕಾಗಿ ಕಚೇರಿಗಳ ಮುಂದೆ ಸರತಿ ಸಾಲಿನಲ್ಲಿ ನಿಂತವರನ್ನು ನೆನಪಿಸಿಕೊಳ್ಳಿ. ಕಬರಸ್ತಾನದಲ್ಲಿ ಜಾಗವಿಲ್ಲವೆಂದು ನಾವು ಮನವಿ ಪತ್ರ ಹಿಡಿದು ಶಾಸಕರ ಮನೆಗೆ ಹೋಗುತ್ತೇವೆ, ಮಂತ್ರಿಗಳ ಕಾರಿಗೆ ಕಾಯುತ್ತೇವೆ. ಇವೆಲ್ಲವೂ ಪಟ್ಟಣದ ಸಭಾಂಗಣದಲ್ಲಿ ಚರ್ಚೆಯಾಗಬೇಕಾದ ವಿಷಯಗಳು. ಆ ಸಭಾಂಗಣದಲ್ಲಿ ನಮ್ಮ ವಾರ್ಡಿನ ಸದಸ್ಯ ಬಾಯಿ ತೆರೆದನೇ ಎಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ?

ನಗರಸಭೆಯನ್ನು ಕಿರಿಯರ ರಾಜಕೀಯವೆಂದು ಹೀಗಳೆಯುವವರಿದ್ದಾರೆ. ಬದ್ರುದ್ದೀನ್ ತ್ಯಾಬ್ಜಿಯವರು 1887ರಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗುವುದಕ್ಕೆ ಬಹಳ ಮೊದಲೇ ಮುಂಬಯಿಯ ನಗರಪಾಲಿಕೆಯಲ್ಲಿ ಸದಸ್ಯರಾಗಿದ್ದರು. ವಲ್ಲಭಭಾಯಿ ಪಟೇಲರು 1924ರಿಂದ 1928ರವರೆಗೆ ಅಹ್ಮದಾಬಾದ್ ಪುರಸಭೆಯ ಅಧ್ಯಕ್ಷರಾಗಿದ್ದರು. ಅದೇ ದಶಕದಲ್ಲಿ ನೆಹರೂ ಅಲಹಾಬಾದಿನಲ್ಲಿ ಅದೇ ಹೊಣೆ ಹೊತ್ತಿದ್ದರು. ಚರಂಡಿಯ ಲೆಕ್ಕ ನೋಡುವುದು ಅವರಿಗೆ ಕೀಳಾಗಿ ಕಾಣಲಿಲ್ಲ.

ಈಗ ಅಭ್ಯರ್ಥಿಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಹತ್ತಾರು ವರ್ಷಗಳಿಂದ ಮೊಹಲ್ಲಾದ ಕೆಲಸ ಮಾಡಿಕೊಂಡು ಬಂದವರಿದ್ದಾರೆ. ವಿಧವಾ ವೇತನದ ಅರ್ಜಿ ತುಂಬಿಸಿದವರು, ರಾತ್ರಿ ಎರಡು ಗಂಟೆಗೆ ರೋಗಿಯನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ದವರು, ನಳ್ಳಿಯಲ್ಲಿ ನೀರು ಬಾರದಾಗ ಇಂಜಿನಿಯರರ ಬಾಗಿಲು ತಟ್ಟಿದವರು. ಇಂಥವರು ಸ್ಪರ್ಧಿಸಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅವರು ಕಣಕ್ಕಿಳಿಯುವ ರೀತಿಯ ಬಗ್ಗೆ ನನ್ನ ತಕರಾರಿದೆ. ಸಾಮಾನ್ಯವಾಗಿ ನಡೆಯುವುದೇನು? ನಾಲ್ಕು ಮಂದಿ ಹಿರಿಯರು ಕುಳಿತು ‘ಸಮುದಾಯದ ಅಭ್ಯರ್ಥಿ’ಯನ್ನು ನಿರ್ಧರಿಸುತ್ತಾರೆ. ಮರುದಿನವೇ ಅದು ಊರಿಡೀ ಸುದ್ದಿಯಾಗುತ್ತದೆ. ಅದೇ ವಾರ್ಡಿನಲ್ಲಿರುವ ದಲಿತ ಕಾಲನಿಯವರು, ಮೀನು ಮಾರುವ ಮಹಿಳೆಯರು, ಬಾಡಿಗೆ ಮನೆಯ ವಲಸೆ ಕಾರ್ಮಿಕರು, ದೇವಸ್ಥಾನದ ಬೀದಿಯ ಕುಟುಂಬಗಳು ಇವನು ತಮ್ಮವನಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ತಪ್ಪು ಅವರದ್ದಲ್ಲ, ಹಾಗೆಂದು ನಾವೇ ಡಂಗುರ ಸಾರಿದ್ದೇವೆ. ಮೋರಿ ತುಂಬಿ ಹರಿದಾಗ ಅದರ ನೀರು ಯಾರ ಅಂಗಳಕ್ಕೆ ನುಗ್ಗಲಿ ಎಂದು ಧರ್ಮ ಕೇಳಿ ನುಗ್ಗುವುದಿಲ್ಲ. ಹಾಗಿರುವಾಗ ಅದನ್ನು ಸರಿಪಡಿಸಬೇಕಾದವನು ಏಕೆ ಒಂದೇ ಓಣಿಯವನಾಗಬೇಕು?

ಇದು ಬರೀ ತಂತ್ರದ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆಯೂ ಹೌದು. ಪ್ರಜಾಪ್ರಾತಿನಿಧ್ಯ ಕಾಯಿದೆಯನ್ನು ವ್ಯಾಖ್ಯಾನಿಸುತ್ತಾ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು 2017ರ ಜನವರಿಯಲ್ಲಿ, ಅಭ್ಯರ್ಥಿಯದ್ದಾಗಲಿ ಮತದಾರನದ್ದಾಗಲಿ ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ಮತ ಯಾಚಿಸುವುದು ಭ್ರಷ್ಟ ಆಚರಣೆ ಎಂದು ಬಹುಮತದಿಂದ ಹೇಳಿತು. ಇತರರು ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ನಾವು ಖಂಡಿಸುತ್ತೇವೆ. ಖಂಡಿಸಲೇಬೇಕು. ಆದರೆ ಮಸೀದಿಯ ಅಂಗಳದಲ್ಲಿ ನಿಂತು ಕರಪತ್ರ ಹಂಚಿದವನಿಗೆ ಆ ಖಂಡನೆಯ ನೈತಿಕ ಹಕ್ಕು ಉಳಿಯುವುದಿಲ್ಲ.

ಮೀಸಲಾತಿಯ ವಿಷಯದಲ್ಲೂ ನಮ್ಮ ಅಜ್ಞಾನ ಅಷ್ಟಿಷ್ಟಲ್ಲ. ಕರ್ನಾಟಕದ ಸ್ಥಳೀಯ ಸಂಸ್ಥೆಗಳಲ್ಲಿ ಮುಸ್ಲಿಮರು ಹಿಂದುಳಿದ ವರ್ಗ ‘ಎ’ಯಲ್ಲಿ ಬರುತ್ತಾರೆ. ಉದ್ಯೋಗ ಮತ್ತು ಶಿಕ್ಷಣದ ‘2ಬಿ’ಯೇ ಬೇರೆ, ಇದೇ ಬೇರೆ. ಸಾಮಾನ್ಯ ವಾರ್ಡಿನಲ್ಲಂತೂ ಯಾರೂ ಸ್ಪರ್ಧಿಸಬಹುದು. ವಯಸ್ಸು 21 ತುಂಬಿದ್ದರೆ ಸಾಕು.

ಮಹಿಳಾ ಮೀಸಲಾತಿಯ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಸಂವಿಧಾನವು ಕನಿಷ್ಠ ಮೂರನೇ ಒಂದರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ನೀಡಿತು, ನಮ್ಮ ರಾಜ್ಯ ಅದನ್ನು ಶೇಕಡಾ 50ರವರೆಗೆ ಏರಿಸಿತು. ವಾರ್ಡು ಮಹಿಳೆಗೆ ಮೀಸಲಾದ ಕೂಡಲೇ ನಮ್ಮ ನಾಯಕರು ಮಾಡುವುದೇನು? ಪತ್ನಿಯ ಹೆಸರಿನಲ್ಲಿ ನಾಮಪತ್ರ, ಪತಿಯ ಭಾವಚಿತ್ರವಿರುವ ಬ್ಯಾನರು, ಗೆದ್ದ ಮೇಲೆ ಪತಿಯ ಕೈಯಲ್ಲಿ ಮೊಬೈಲು. ಸದಸ್ಯೆ ಸಹಿ ಹಾಕುವುದಕ್ಕಷ್ಟೇ ಸೀಮಿತ. ಈ ರೋಗ ನಮ್ಮಲ್ಲಿ ಮಾತ್ರ ಇದೆ ಎಂದು ನಾನು ಹೇಳುತ್ತಿಲ್ಲ, ಎಲ್ಲ ಕಡೆಯೂ ಇದೆ. ಆದರೆ ಸ್ವಸಹಾಯ ಗುಂಪುಗಳನ್ನು ನಡೆಸಿದ, ಅಂಗನವಾಡಿ, ಆಶಾ ಕೆಲಸಗಳಲ್ಲಿ ಮನೆಮನೆ ತಿರುಗಿದ ಸಹೋದರಿಯರು ನಮ್ಮ ನಡುವೆ ಇದ್ದಾರೆ. ಅವರಿಗೆ ವಾರ್ಡಿನ ಒಂದೊಂದು ಮನೆಯ ಕಷ್ಟ ಗೊತ್ತು. ಅವರನ್ನು ಬಿಟ್ಟು ನಾಯಕನ ಮನೆಯಲ್ಲೇ ಅಭ್ಯರ್ಥಿಯನ್ನು ಹುಡುಕುವುದು ಅನ್ಯಾಯ.

ಗೆದ್ದವರು ಏನು ಮಾಡಬಲ್ಲರು ಎಂಬುದರ ಬಗ್ಗೆಯೂ ಪ್ರಾಮಾಣಿಕತೆ ಬೇಕು. ಪೊಲೀಸ್ ಠಾಣೆ ನಗರಸಭೆಯ ಕೈಯಲ್ಲಿಲ್ಲ. ಪಡಿತರ ಚೀಟಿ ನೀಡುವುದು ಆಹಾರ ಇಲಾಖೆ. ಬೆಂಗಳೂರಿನಲ್ಲಿ ನೀರು ಕೂಡ ಜಲಮಂಡಳಿಯ ಪಾಲು. ಇವನ್ನೆಲ್ಲ ಮಾಡಿಸಿಕೊಡುತ್ತೇನೆ ಎನ್ನುವವನ ಮಾತನ್ನು ನಂಬಬೇಡಿ. ಬದಲಾಗಿ ಬಜೆಟಿನ ಪುಸ್ತಕ ಓದಿದ್ದೀಯಾ ಎಂದು ಕೇಳಿ. ನಮ್ಮ ನಗರ ಸಂಸ್ಥೆಗಳು ತಮ್ಮ ಸಂಪನ್ಮೂಲದಲ್ಲಿ ಶೇ. 24.10ನ್ನು ಪರಿಶಿಷ್ಟರಿಗೆ, ಶೇ. 7.25ನ್ನು ಇತರ ಬಡವರಿಗೆ, ಶೇ. 5ನ್ನು ವಿಕಲಚೇತನರಿಗೆ ಮೀಸಲಿಡಬೇಕೆಂಬ ನಿಯಮವಿದೆ. ಆ ಶೇ. 7.25ರಲ್ಲಿ ನಮ್ಮ ಮೊಹಲ್ಲಾದ ಬಡವರಿಗೆ ಬಂದದ್ದೆಷ್ಟು? ಬೀದಿಬದಿ ವ್ಯಾಪಾರಿಗಳ 2014ರ ಕಾಯಿದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ವ್ಯಾಪಾರಿಗಳೇ ಇರಬೇಕು. ತಳ್ಳುಗಾಡಿಯ ಹಣ್ಣಿನ ವ್ಯಾಪಾರಿಯನ್ನು ಎಬ್ಬಿಸಿದಾಗ ಗುಂಪುಗೂಡಿ ಕೂಗುವ ನಾವು, ಆ ಸಮಿತಿ ಸಭೆ ಸೇರಿತೇ ಎಂದು ಕೇಳುವುದಿಲ್ಲ. ಕೇಳಬೇಕಾದವನು ವಾರ್ಡಿನ ಸದಸ್ಯ.

ಹಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ತಮಗೆಲ್ಲ ಗೊತ್ತಿದೆ. ನಾಮಪತ್ರ ಹಿಂತೆಗೆಯುವುದಕ್ಕಾಗಿಯೇ ನಾಮಪತ್ರ ಸಲ್ಲಿಸುವ ಒಂದು ವರ್ಗವಿದೆ. ಅಂಥವರು ಯಾರ ಮನೆಯವರೇ ಆಗಿರಲಿ, ಅವರನ್ನು ಸಮುದಾಯದ ಮುಖಂಡರೆಂದು ಕರೆಯುವುದನ್ನು ನಿಲ್ಲಿಸಿ.

ಇನ್ನೊಂದು ಅಪಾಯ ಸದ್ದಿಲ್ಲದೆ ಬರುತ್ತದೆ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನದ 243-ಯು ವಿಧಿ ಹೇಳುತ್ತದೆ. 2006ರಲ್ಲಿ ಅಹ್ಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಅದನ್ನೇ ಎತ್ತಿ ಹಿಡಿಯಿತು. ಆದರೂ ಬೆಂಗಳೂರಿನ 198 ವಾರ್ಡುಗಳ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ಆಡಳಿತಾಧಿಕಾರಿಗಳೇ ಆಳಿದರು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಐದಾಗಿ ಒಡೆಯಿತು. ವಾರ್ಡು ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂದು ಒಂದರ ಹಿಂದೊಂದು ಕಾರಣಗಳಿದ್ದವು. ಸದಸ್ಯನಿಲ್ಲದ ವಾರ್ಡಿನಲ್ಲಿ ಬಡವನು ದೂರು ಹಿಡಿದು ಯಾರ ಬಳಿಗೆ ಹೋಗಬೇಕು? ಉಳ್ಳವರಿಗೆ ಅಧಿಕಾರಿಯ ಪರಿಚಯವಿರುತ್ತದೆ, ಅವರಿಗೆ ಸದಸ್ಯನ ಕೊರತೆ ಕಾಡುವುದಿಲ್ಲ.

ಆದ್ದರಿಂದ ಅಭ್ಯರ್ಥಿ ಯಾರೆಂಬ ಚರ್ಚೆಗೆ ಮುಂಚೆ ಮಾಡಬೇಕಾದ ಕೆಲಸವಿದೆ. ವಾರ್ಡು ವಿಂಗಡಣೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಕೆಲವೇ ದಿನಗಳ ಕಾಲಾವಕಾಶವಿರುತ್ತದೆ. ಒಂದು ಮೊಹಲ್ಲಾವನ್ನು ಮೂರು ವಾರ್ಡುಗಳಿಗೆ ಹರಿದು ಹಂಚಿದ್ದರೆ ನಕ್ಷೆಯ ಸಮೇತ ಲಿಖಿತವಾಗಿ ತಿಳಿಸಬೇಕು, ಫಲಿತಾಂಶದ ನಂತರ ಗೋಳಾಡಿ ಪ್ರಯೋಜನವಿಲ್ಲ. ಬಳಿಕ ವಿಧಾನಸಭೆಯ ಮತದಾರರ ಪಟ್ಟಿಯನ್ನು ವಾರ್ಡುವಾರು ವಿಂಗಡಿಸುತ್ತಾರೆ. ಆಗ ಒಂದೇ ಮನೆಯ ತಂದೆ ಒಂದು ವಾರ್ಡಿನಲ್ಲಿ, ಮಗ ಇನ್ನೊಂದರಲ್ಲಿ ಆಗುವುದುಂಟು. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನಲ್ಲೇ ಉಳಿದಿರುತ್ತದೆ, ತೀರಿಹೋದ ಅಜ್ಜನ ಹೆಸರು ಮಾತ್ರ ತಪ್ಪದೆ ಇರುತ್ತದೆ. ಓಣಿಗೆ ಇಬ್ಬರಂತೆ ಯುವಕ ಯುವತಿಯರು ಆ ಪಟ್ಟಿಯನ್ನು ಹಿಡಿದು ಮನೆಮನೆಗೆ ಹೋಗಲಿ. ನಮ್ಮ ಓಣಿಗೆ ಮಾತ್ರವಲ್ಲ, ಪಕ್ಕದ ಕಾಲನಿಗೂ ಹೋಗಲಿ. ಬಾಗಿಲು ತೆರೆದವರು ಪಟ್ಟಿಯ ಜೊತೆಗೆ ಚರಂಡಿಯ ಮಾತನ್ನೂ ಎತ್ತುತ್ತಾರೆ, ಅದನ್ನೂ ಬರೆದುಕೊಂಡು ಬನ್ನಿ. ಈ ಕೆಲಸಕ್ಕೆ ಹೆಸರು ಕೊಡಲು ಇಚ್ಛಿಸುವವರಿಗಾಗಿ ಹೊರಗೆ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದಾರೆ.