“ಮತ್ತೆ ಆಡಬಹುದಾ ಸಾರ್?”



ಈ ಸಮ್ಮೇಳನದ ಪೀಠದಲ್ಲಿ ಕೂತವರು ನಮ್ಮ ಫಿಸಿಯೋಥೆರಪಿ ವೃತ್ತಿಯನ್ನು ಹೊಗಳುವುದು ವಾಡಿಕೆ. ನಾನು ನನ್ನದೇ ತಪ್ಪೊಂದನ್ನು ಹೇಳಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ದೈಹಿಕ ಶಿಕ್ಷಣದ ಮೇಷ್ಟ್ರು ಬಂದರು. ಹರೆಯದಲ್ಲಿ ವಾಲಿಬಾಲ್ ಆಡುವಾಗ ಮುರಿದಿದ್ದ ಕಣಕಾಲು ಐವತ್ತು ದಾಟುವಷ್ಟರಲ್ಲಿ ಸವೆದು, ಕೃತಕ ಕೀಲು ಹಾಕಿಸಿಕೊಂಡಿದ್ದರು. “ಮತ್ತೆ ಆಡಬಹುದಾ ಸಾರ್?” ಎಂದರು. “ಆಟದ ಮಾತೇ ಬೇಡ ಮೇಷ್ಟ್ರೆ” ಎಂದುಬಿಟ್ಟೆ. ಶಿಸ್ತಿನ ಮನುಷ್ಯ, ಚಾಚೂ ತಪ್ಪದೆ ಪಾಲಿಸಿದರು. ವರ್ಷ ಕಳೆದು ಬಂದಾಗ ಕೀಲು ಗಟ್ಟಿಯಾಗಿತ್ತು. ಮೀನಖಂಡ ಸೊರಗಿತ್ತು, ಹೊಟ್ಟೆ ಬೆಳೆದಿತ್ತು, ಮಾತು ಕಡಿಮೆಯಾಗಿತ್ತು.

ನನ್ನ ಬಾಯಿಂದ ಆ ‘ಬೇಡ’ ಹೊರಟಿದ್ದು ಹಳೆಯ ಭಯದಿಂದ. 1970ರ ದಶಕದ ಮೊದಲ ಕೃತಕ ಕಣಕಾಲುಗಳು ಬೇಗ ಸಡಿಲಗೊಂಡವು. ಮೂಳೆಗಳನ್ನು ಬೆಸೆದುಬಿಡುವುದೇ ಮೇಲು ಎನ್ನುವಂತಾಯಿತು. ಕೀಲಿನ ವಿನ್ಯಾಸ ಆಮೇಲೆ ಬಹಳ ಸುಧಾರಿಸಿತು. ಡೆನ್ಮಾರ್ಕಿನಲ್ಲಿ ರೂಪುಗೊಂಡ ‘ಸ್ಟಾರ್’ ಕೀಲಿಗೆ 2009ರಲ್ಲಿ ಅಮೆರಿಕದ ಅನುಮೋದನೆಯೂ ಸಿಕ್ಕಿತು. ನಮ್ಮ ನಾಲಿಗೆ ಮಾತ್ರ ಹಳೆಯದೇ ಉಳಿಯಿತು.

ಮಂಡಿ, ಸೊಂಟದ ಕೀಲು ಸಾಮಾನ್ಯವಾಗಿ ವಯಸ್ಸಿನೊಡನೆ ಸವೆಯುತ್ತವೆ. ಕಣಕಾಲು ಹಾಗಲ್ಲ; ಅಲ್ಲಿನ ಸವೆತಕ್ಕೆ ಬಹುಪಾಲು ಹಳೆಯ ಪೆಟ್ಟೇ ಮೂಲ, ಮುರಿತವೋ ಮತ್ತೆ ಮತ್ತೆ ಆದ ಉಳುಕೋ. ಹಾಗಾಗಿ ನಮ್ಮ ಬಾಗಿಲಿಗೆ ಬರುವವರಲ್ಲಿ ಆಡಿ ಬಿದ್ದವರು ಇದ್ದೇ ಇರುತ್ತಾರೆ. ಅವರು ಕೇಳುವ ಮೊದಲ ಪ್ರಶ್ನೆಗೇ ನಾವು ಬಾಗಿಲು ಹಾಕಿದರೆ ಹೇಗೆ?

ಹಾಗೆಂದು ಆಸೆಯನ್ನೂ ಉಬ್ಬಿಸಬಾರದು. ಟೆನಿಸ್ ಆಟಗಾರ ಆಂಡಿ ಮರ್ರೆ 2019ರ ಜನವರಿಯಲ್ಲಿ ಸೊಂಟದ ಕೀಲಿಗೆ ಲೋಹದ ಹೊದಿಕೆ ಹಾಕಿಸಿಕೊಂಡು ಅದೇ ಅಕ್ಟೋಬರ್‌ನಲ್ಲಿ ಆಂಟ್‌ವರ್ಪ್‌ನಲ್ಲಿ ಪ್ರಶಸ್ತಿ ಗೆದ್ದರು. ಆ ಸುದ್ದಿಯನ್ನು ಮೊಬೈಲಿನಲ್ಲಿ ಹಿಡಿದು ಬರುವವರಿದ್ದಾರೆ. ಸೊಂಟದ್ದು ಗುಂಡು-ಗುಳಿಯ ಕೀಲು. ಕಣಕಾಲಿನದು ಅದಕ್ಕಿಂತ ಚಿಕ್ಕ ಜಾಗ; ನಡೆಯುವಾಗಲೇ ಮೈತೂಕದ ಹಲವು ಪಟ್ಟು ಭಾರ ಅದರ ಮೇಲೆ ಬೀಳುತ್ತದೆ. ಓಡಿದರೆ, ಜಿಗಿದರೆ ಕೇಳುವುದೇ ಬೇಡ. ಲೋಹದ ನಡುವಿನ ಪಾಲಿಎಥಿಲೀನ್ ತುಂಡು ಸವೆಯುತ್ತದೆ, ಹಿಡಿತ ಸಡಿಲವಾಗುತ್ತದೆ. ಕಬಡ್ಡಿ, ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಬೇಡವೆಂದು ನಾನು ಇವತ್ತೂ ಹೇಳುತ್ತೇನೆ. ಈಜು, ಸೈಕಲ್, ಬಿರುಸು ನಡಿಗೆಗೆ ಧಾರಾಳವಾಗಿ ಹೌದೆನ್ನುತ್ತೇನೆ. ಶಟಲ್ ಡಬಲ್ಸ್‌ಗೆ ಆಳು ನೋಡಿ ಮಾತು.

ಶಸ್ತ್ರಚಿಕಿತ್ಸೆಯ ಗಾಯ ಪೂರ್ತಿ ಮಾಗದೆ ರೋಗಿಯನ್ನು ನೀರಿಗಿಳಿಸಬೇಡಿ. ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಸೈಕಲ್, ಈಜು. ಆಟದ ಮಾತು ಆರು ತಿಂಗಳಾದ ಮೇಲೆ. ಬಾವು ವರ್ಷದವರೆಗೂ ಬಂದು ಹೋಗುತ್ತದೆ, ಅದಕ್ಕೆ ಹೆದರಿಸಬೇಡಿ. ಒಂಟಿಕಾಲಲ್ಲಿ ನಿಲ್ಲಿಸಿ, ಹಿಮ್ಮಡಿ ಎತ್ತಿಸಿ. ಬೇಜಾರಿನ ಕೆಲಸ, ನಿಜ. ಹಿಮ್ಮಡಿ ನೆಲ ಬಿಡದಂತೆ ಕುಕ್ಕರಗಾಲಲ್ಲಿ ಕೂರಲು ಪಾದ ಎಷ್ಟು ಮೇಲಕ್ಕೆ ಬಾಗಬೇಕೆಂಬುದನ್ನು ನಮ್ಮ ಹಳ್ಳಿಯ ರೋಗಿಗೆ ಯಾರೂ ಮೊದಲೇ ಹೇಳಿರುವುದಿಲ್ಲ. ಹೊಸ ಕೀಲಿಗೆ ಅಷ್ಟು ಬಾಗುವುದು ಕಷ್ಟ. ಅವನಿಗೆ ಗಾಲ್ಫ್ ಆಡಬಹುದೆಂದು ಚೀಟಿ ಬರೆದುಕೊಟ್ಟವರನ್ನೂ ಕಂಡಿದ್ದೇನೆ!

ಮೇಷ್ಟ್ರಿಗೆ ಎರಡನೆಯ ಸಲ ಮಾತಿಗಿಂತ ಮೊದಲು ಕಿವಿ ಕೊಟ್ಟೆ. ಅವರಿಗೆ ಬೇಕಾಗಿದ್ದುದು ಜಿಗಿತವಲ್ಲ, ಸಂಜೆಯ ಅಂಗಳ. ಈಗ ಬೆಳಿಗ್ಗೆ ಸೈಕಲ್ ತುಳಿಯುತ್ತಾರೆ; ಸಂಜೆ ನೆಟ್ ಪಕ್ಕ ನಿಂತು ಮಕ್ಕಳಿಗೆ ಸರ್ವಿಸ್ ಹೇಳಿಕೊಡುತ್ತಾರೆ, ಸೀಟಿ ಊದುತ್ತಾರೆ.

ಈ ಸಮ್ಮೇಳನದ ಮುಂದೆ ನನ್ನದು ಒಂದೇ ಬೇಡಿಕೆ. ಶಸ್ತ್ರಚಿಕಿತ್ಸೆಗೆ ಮುಂಚೆಯೇ, ಸರ್ಜನ್ನರ ಎದುರಿಗೇ, ಕೇಸ್ ಶೀಟಿನಲ್ಲಿ ಒಂದು ಸಾಲು ಬರೆಯೋಣ: ಇವರು ಏನು ಆಡುತ್ತಿದ್ದರು, ಅದರಲ್ಲಿ ಯಾವುದನ್ನು ಬಿಟ್ಟಿರಲಾರರು?